ಕೊನೆಯಲ್ಲಿ ಉಣ್ಣುವವಳು

ಶಾಲೆಯಲ್ಲಿ ತಲೆಸುತ್ತಿ ಕುಳಿತ ಹುಡುಗಿಗೆ "ಸರಿಯಾಗಿ ಊಟ ಮಾಡಬಾರದೇನಮ್ಮ?" ಎನ್ನುವುದು ಸುಲಭ. ಆದರೆ ಆರೋಗ್ಯ ಅವಳೊಬ್ಬಳ ಕೈಯಲ್ಲಿದೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಇಷ್ಟು ಜನರೂ ಅಜಾಗರೂಕರೆಂದು ಹೇಳಲಾದೀತೆ? ಕೂಲಿ ಕಡಿಮೆ, ಬೇಳೆ ದುಬಾರಿ. ಜೊತೆಗೆ, ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಹೆಣ್ಣಿಗೆ.

2002ರಲ್ಲಿ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ಬಿಸಿಯೂಟದ ಪಂಕ್ತಿಯಲ್ಲಿ ಹುಡುಗ, ಹುಡುಗಿ ಒಟ್ಟಿಗೇ ಉಣ್ಣುತ್ತಾರೆ. ಅಲ್ಲಿ ಅವಳು ಕಾಯಬೇಕಿಲ್ಲ. ಸರ್ಕಾರದ ಒಂದು ಯೋಜನೆ ಇಷ್ಟನ್ನು ಮಾಡಬಲ್ಲದು. ಕೂಲಿಯನ್ನೂ ಬೆಲೆಯನ್ನೂ ಅದೇ ಸರ್ಕಾರದಿಂದ ಕೇಳೋಣ. ಆದರೆ ರಾತ್ರಿಯ ಪಂಕ್ತಿ ನಮ್ಮ ಮನೆಯದು. ಅಲ್ಲಿ ಮಗಳನ್ನೂ ಸೊಸೆಯನ್ನೂ ಜೊತೆಗೆ ಕೂರಿಸಿ ಬಡಿಸಲು ಯಾರ ಆದೇಶ ಬೇಕು?