ಯಾರೂ ಇಲ್ಲದ ಚಿತ್ರದಲ್ಲಿ ಮನೆಮಂದಿ

ಜೋಗದ ಫೋಟೊ ಇಲ್ಲದ ಹಳೆಯ ಆಲ್ಬಮ್ ನಮ್ಮಲ್ಲಿ ಅಪರೂಪ. 253 ಮೀಟರ್ ಆಳಕ್ಕೆ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್. ಸುತ್ತ ಮಂಜು, ಒದ್ದೆ ಬಂಡೆ. ಮನುಷ್ಯರ ಸುಳಿವೇ ಇಲ್ಲ. ಆದರೂ ನೋಡಿದೊಡನೆ ತಾಳಗುಪ್ಪದ ದಾರಿಯಲ್ಲಿ ವ್ಯಾನು ನಿಲ್ಲಿಸಿ ಅಮ್ಮ ಬಡಿಸಿದ ಚಿತ್ರಾನ್ನ, ಹನಿ ಸಿಡಿದಾಗ ಅಜ್ಜಿ ತಲೆಗೆ ಎಳೆದುಕೊಂಡ ಸೆರಗು, ತಿರುವುಗಳಲ್ಲಿ ಹೊಟ್ಟೆ ತೊಳಸಿದ್ದು ಎಲ್ಲವೂ ಒಟ್ಟೊಟ್ಟಿಗೆ ಬಂದುಬಿಡುತ್ತವೆ. ಬರೀ ನೀರು, ಬಂಡೆಯ ಚಿತ್ರಕ್ಕೆ ಇಷ್ಟೆಲ್ಲ ಎಲ್ಲಿಂದ ಸಿಕ್ಕಿತು?

ಚಿತ್ರದಲ್ಲಿ ಅದೇನೂ ಇಲ್ಲ ಎನ್ನುತ್ತದೆ ನ್ಯಾಯದರ್ಶನ. ಅನುಭವ ಮುಗಿದ ಮೇಲೆ ಅದರ ಸಂಸ್ಕಾರ ಆತ್ಮದಲ್ಲಿ ಉಳಿಯುತ್ತದೆ. ಈ ಬಗೆಯ ಸಂಸ್ಕಾರಕ್ಕೆ ಭಾವನಾ ಎಂದು ಹೆಸರು. ಅದು ಇದೆ ಎಂಬುದೇ ನಮಗೆ ತಿಳಿಯದು. ಯಾವುದೋ ಉದ್ಬೋಧಕ ಬಂದು ಎಚ್ಚರಿಸಿದಾಗ ಮಾತ್ರ ಅದು ಸ್ಮೃತಿಯಾಗುತ್ತದೆ. ಹಾಗೆಂದೇ ನಾವು ತೆಗೆದ ಫೋಟೊವೇ ಆಗಬೇಕೆಂದಿಲ್ಲ. ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿರುವ ಜೋಗವೂ ಅದೇ ಅಜ್ಜಿಯನ್ನು ಕರೆತರಬಲ್ಲದು.

ಗೌತಮರ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ನೆನಪಿನ ನಿಮಿತ್ತಗಳ ಉದ್ದನೆಯ ಪಟ್ಟಿಯೇ ಇದೆ: ಅಭ್ಯಾಸ, ಸಾದೃಶ್ಯ, ಆಶ್ರಯ, ಸಂಬಂಧ, ಸುಖ, ದುಃಖ, ಭಯ. ವಿಯೋಗವೂ ಅದರಲ್ಲಿ ಸೇರಿದೆ. ತರ್ಕದ ಗ್ರಂಥವೊಂದು ಅಗಲಿಕೆಯನ್ನು ನೆನಪಿನ ಕಾರಣವಾಗಿ ಎಣಿಸಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಅಜ್ಜಿ ತೀರಿಕೊಂಡ ಮೇಲೆ ಅದೇ ಜೋಗದ ಚಿತ್ರ ಇನ್ನಷ್ಟು ಬಲವಾಗಿ ತಟ್ಟುವುದು ಏಕೆಂಬುದಕ್ಕೆ ಅಲ್ಲಿ ಉತ್ತರವಿದೆ.

ಗ್ರೂಪ್ ಫೋಟೊಗಿಂತ ಬರಿಯ ನೋಟದ ಚಿತ್ರ ಹೆಚ್ಚು ಕೆಲಸ ಮಾಡುವುದಕ್ಕೂ ಇಲ್ಲೇ ಕಾರಣ ಸಿಗುತ್ತದೆ. ಸಾಲಾಗಿ ನಿಂತ ನಮ್ಮನ್ನು ಅಂದು ಕಂಡದ್ದು ಕ್ಯಾಮೆರಾ. ನಾವು ಕಂಡದ್ದು ಜಲಪಾತ. ಸಂಸ್ಕಾರ ಉಳಿಯುವುದು ಸ್ವಂತ ಅನುಭವದಿಂದ; ಅದನ್ನು ಹೋಲುವುದು ಜಲಪಾತದ ಚಿತ್ರವೇ. ಆ ನೋಟಕ್ಕೆ ಅಂಟಿಕೊಂಡಿದ್ದ ಮಾತು, ವಾಸನೆ, ಪಕ್ಕದಲ್ಲಿ ನಿಂತವರು ಅದರ ಬೆನ್ನಿಗೇ ಬರುತ್ತಾರೆ.

ಹೀಗೆ ಬಂದದ್ದು ಜ್ಞಾನವೇ? ನೈಯಾಯಿಕರು ನೆನಪನ್ನು ಪ್ರಮೆ, ಅಂದರೆ ನಿಜವಾದ ಜ್ಞಾನ, ಎಂದು ಒಪ್ಪಲಿಲ್ಲ. ಅದು ಹಿಂದಿನ ಅನುಭವವನ್ನು ನೆಚ್ಚಿ ನಿಂತದ್ದು, ಅದರ ವಿಷಯ ಆಗಿನ ಸ್ಥಿತಿಯಲ್ಲಿ ಈಗಿಲ್ಲ. ಮಧ್ವರ ಪರಂಪರೆ ಇದನ್ನು ಒಪ್ಪದು. 14ನೇ ಶತಮಾನದ ಜಯತೀರ್ಥರು ಸ್ಮೃತಿಯನ್ನು ಮನಸ್ಸೆಂಬ ಇಂದ್ರಿಯದ ಪ್ರತ್ಯಕ್ಷವೆಂದೇ ಎಣಿಸಿದರು. ನೆನಪು ‘ಈಗ ಹೀಗಿದೆ’ ಎನ್ನುವುದಿಲ್ಲ, ‘ಆಗ ಹೀಗಿತ್ತು’ ಎನ್ನುತ್ತದೆ. ಆಗ ಹಾಗೆಯೇ ಇದ್ದಿದ್ದರೆ ಅದರಲ್ಲಿ ಸುಳ್ಳೆಲ್ಲಿ? ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ.

ಆದರೆ ಆ ‘ಆಗ’ ಕಳಚಿಹೋಗುವುದೂ ಉಂಟು. ಪ್ರಾಭಾಕರ ಮೀಮಾಂಸಕರು ಇದನ್ನು ಸ್ಮೃತಿಪ್ರಮೋಷ ಎಂದರು. ಚಿಪ್ಪನ್ನು ಕಂಡು ಬೆಳ್ಳಿ ಎನ್ನುವವನು ಎಂದೋ ಕಂಡ ಬೆಳ್ಳಿಯನ್ನು ನೆನೆಯುತ್ತಿದ್ದಾನೆ. ಅದು ನೆನಪೆಂಬುದು ಮಾತ್ರ ಅವನಿಗೆ ತೋರುತ್ತಿಲ್ಲ. ಆಲ್ಬಮ್ಮನ್ನು ಮತ್ತೆ ಮತ್ತೆ ತಿರುವಿದವರಿಗೂ ಇಂಥದೇ ಗೊಂದಲ ಕಾಡಬಹುದು. ಮೂರು ವರ್ಷದ ಮಗುವಾಗಿ ಜೋಗಕ್ಕೆ ಹೋದವಳು ಇಂದು ನೆನೆಯುವುದು ಜಲಪಾತವನ್ನೋ, ಮಾಸಿದ ಬಣ್ಣದ ಫೋಟೊವನ್ನೋ? ಬಿಡಿಸಿ ಹೇಳುವುದು ಅವಳಿಗೂ ಕಷ್ಟ.

ಒಬ್ಬರು ಕಂಡದ್ದನ್ನು ಇನ್ನೊಬ್ಬರು ನೆನೆಯಲಾರರು ಎಂಬುದು ನೈಯಾಯಿಕರ ಗಟ್ಟಿ ಮಾತು. ಒಂದೇ ಚಿತ್ರದ ಮುಂದೆ ಅಪ್ಪನಿಗೆ ಕೈಕೊಟ್ಟ ಬ್ರೇಕು, ಅಕ್ಕನಿಗೆ ಕಾಲಿಗೆ ಹತ್ತಿದ ಇಂಬಳ. ಆ ಪ್ರವಾಸದ ನಂತರ ಹುಟ್ಟಿದ ಮೊಮ್ಮಗನಿಗೆ ಕಾಣುವುದು ನೀರು ಮಾತ್ರ. ತಾತ ಪಕ್ಕದಲ್ಲಿ ಕೂತು ಹೇಳಿದರೆ ಅವನಿಗೆ ಸಿಗುವುದು ಶಬ್ದದಿಂದ ಬಂದ ತಿಳಿವು. ಮುಂದೊಮ್ಮೆ ಅದೇ ಫೋಟೊ ಕಂಡಾಗ ಅವನು ನೆನೆಯುವುದು ತಾತ ಕತೆ ಹೇಳಿದ ಆ ಸಂಜೆಯನ್ನು. ಜಯತೀರ್ಥರ ಲೆಕ್ಕದಲ್ಲಿ ಅದೂ ನಿಜವಾದ ಜ್ಞಾನವೇ.