ಬಸುರಿಯ ಓಟ, ನಮ್ಮ ಆತಂಕ

ಬಸುರಿ ಹೆಂಗಸು ಓಡಬಹುದೇ? ಈ ಪ್ರಶ್ನೆಯನ್ನು ನಮ್ಮ ಯಾವುದೇ ಮನೆಯ ಅಡುಗೆಮನೆಯಲ್ಲಿ ಕೇಳಿ ನೋಡಿ. ಉತ್ತರಕ್ಕೆ ಯಾರೂ ತಡವರಿಸುವುದಿಲ್ಲ. 'ತೌಬಾ ತೌಬಾ' ಎಂದು ಕೆನ್ನೆ ಮುಟ್ಟಿಕೊಳ್ಳುವವರಿದ್ದಾರೆ, 'ಕಾಲ ಕೆಟ್ಟಿತು' ಎನ್ನುವವರಿದ್ದಾರೆ. ಅವಳು ಓಡುತ್ತಿರುವುದು ಹಿಮ ಬೀಳುವ ದೇಶದಲ್ಲಿ ಎಂದು ಸೇರಿಸಿದರಂತೂ ಮಾತೇ ಮುಗಿಯಿತು. ಇಷ್ಟು ಖಚಿತವಾದ ಉತ್ತರ ಇಷ್ಟು ಬೇಗ ಬರುವಾಗ, ಅದು ಎಲ್ಲಿಂದ ಬರುತ್ತಿದೆ ಎಂದು ವಿಚಾರಿಸಬೇಕಾಗುತ್ತದೆ.

ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ಮದುವೆಯಾಗಿ ಬಳ್ಳಾರಿಯಿಂದ ಕೆನಡಾದ ಎಡ್ಮಂಟನ್‌ಗೆ ಹೋದಳು. ಕಾಲೇಜಿನ ದಿನಗಳಿಂದಲೂ ಓಡುವ ಅಭ್ಯಾಸ. ಅಲ್ಲಿ ಬಸುರಾದಳು, ವೈದ್ಯರನ್ನು ಕೇಳಿ, ವೇಗ ತಗ್ಗಿಸಿ, ಓಡುವುದನ್ನು ಮುಂದುವರಿಸಿದಳು. ಸುದ್ದಿ ತಿಳಿದ ತಾಯಿ ಫೋನಿನಲ್ಲಿ ಅತ್ತರು. 'ಶೀತ ಹೊಟ್ಟೆಗೆ ಇಳಿಯುತ್ತೆ ಬೇಟಿ, ಮಗು ಕದಲುತ್ತೆ, ನೋಡಿದವರು ಏನಂತಾರೆ?' 'ಇಲ್ಲಿ ನೋಡೋರು ಯಾರಿದ್ದಾರೆ ಅಮ್ಮಿ?' ಎಂದಳಂತೆ ಮಗಳು. ಆ ಮಾತಿನಲ್ಲಿ ಧೈರ್ಯಕ್ಕಿಂತ ಒಂಟಿತನವೇ ಹೆಚ್ಚಾಗಿ ನಮಗೆ ಕೇಳಿಸಿತು. ತವರಿಲ್ಲದ, ನೆರೆಮನೆಯಿಲ್ಲದ ಊರಿಗೆ ಅವಳು ಇಲ್ಲಿಂದ ಕೊಂಡೊಯ್ದ ತನ್ನದೆನ್ನುವ ಅಭ್ಯಾಸ ಅದೊಂದೇ ಆಗಿತ್ತು.

ತಾಯಿಯ ಭಯ ಸುಳ್ಳಲ್ಲ. ಆದರೆ ಅದು ಬಳ್ಳಾರಿಯ ಭಯ. ಉಷ್ಣ ಯಾವುದು, ಶೀತ ಯಾವುದು, ಪರಂಗಿಹಣ್ಣು ಏಕೆ ಬೇಡ, ಬಾಣಂತಿಯ ಕಿವಿಗೆ ಹತ್ತಿ ಏಕೆ ಎಂಬ ತಿಳಿವಳಿಕೆಯೆಲ್ಲ ಒಂದು ನೆಲದಲ್ಲಿ, ಒಂದು ಹವೆಯಲ್ಲಿ ಬೆಳೆದದ್ದು. ಹುಡುಗಿ ವಿಮಾನ ಹತ್ತಿದಾಗ ಅದೂ ಜೊತೆಗೆ ಹತ್ತಿತು. ಇಳಿದ ಮೇಲೆ ಮಾತ್ರ ಅದಕ್ಕೆ ದಾರಿ ತಿಳಿಯಲಿಲ್ಲ. ಓಡುವ ಬಸುರಿಯ ವಿಷಯದಲ್ಲಿ ವೈದ್ಯರು ಹೆಚ್ಚು ಎಚ್ಚರಿಸುವುದು ಶೀತದ ಬಗ್ಗೆಯಲ್ಲ, ಸೆಕೆಯ ಬಗ್ಗೆ. ಮೊದಲ ವಾರಗಳಲ್ಲಿ ತಾಯಿಯ ಮೈ ಅತಿಯಾಗಿ ಕಾದರೆ ಮಗುವಿನ ನರಮಂಡಲದ ಬೆಳವಣಿಗೆಗೆ ತೊಂದರೆಯಾಗಬಹುದೆಂಬ ಕಾಳಜಿ ಅದರ ಹಿಂದಿದೆ. ಹಾಗೆ ನೋಡಿದರೆ ಏಪ್ರಿಲ್ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಿ ಓಡುವುದೇ ಹೆಚ್ಚು ಅಪಾಯ. ತಣ್ಣನೆಯ ಗಾಳಿ ಮೈಯ ಕಾವನ್ನು ಒಯ್ಯುತ್ತದೆ.

ಹಾಗೆಂದು ಎಡ್ಮಂಟನ್‌ನ ಚಳಿ ಹೂವಿನ ಹಾಸಿಗೆಯಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮ ಗಾಜಿನಂತೆ ಜಾರುತ್ತದೆ. ಹೊಟ್ಟೆ ಮುಂದೆ ಬಂದಂತೆ ದೇಹದ ತೂಕದ ನೆಲೆ ಬದಲಾಗುತ್ತದೆ, ಕೀಲುಗಳು ಸಡಿಲವಾಗುತ್ತವೆ. ಬೀಳುವುದೇ ಅಲ್ಲಿನ ನಿಜವಾದ ಅಪಾಯ. ಚಳಿಯಲ್ಲಿ ಬಾಯಾರಿಕೆ ತಿಳಿಯದೆ ನೀರು ಕುಡಿಯುವುದು ಮರೆಯುತ್ತದೆ. ಉಬ್ಬಸವಿದ್ದವರಿಗೆ ಒಣಗಾಳಿ ಕಾಡುತ್ತದೆ. ಇನ್ನೊಂದು ಸಂಗತಿ: ಅಕ್ಟೋಬರಿನಿಂದ ಮಾರ್ಚ್‌ವರೆಗೆ ಎಡ್ಮಂಟನ್‌ನ ಬಿಸಿಲಿನಲ್ಲಿ ಚರ್ಮ ವಿಟಮಿನ್ ಡಿ ತಯಾರಿಸಲಾರದೆಂದು 1988ರಲ್ಲೇ ಪ್ರಕಟವಾದ ಅಧ್ಯಯನ ತೋರಿಸಿತ್ತು. ಮೈಬಣ್ಣ ಕಪ್ಪಾದಷ್ಟೂ ಈ ಕೊರತೆ ಬೇಗ ತಟ್ಟುತ್ತದೆ. ಬೂಟಿಗೆ ಮುಳ್ಳುಪಟ್ಟಿ ಕಟ್ಟಿಕೊಂಡೆಯಾ, ಹಿಮ ಗಟ್ಟಿಯಾದ ದಿನ ಒಳಾಂಗಣ ಟ್ರ್ಯಾಕಿಗೆ ಹೋಗುತ್ತೀಯಾ, ವಿಟಮಿನ್ ಮಾತ್ರೆ ನುಂಗಿದೆಯಾ? ಇವು ಕೇಳಬೇಕಾದ ಪ್ರಶ್ನೆಗಳು. ಇವನ್ನು ಕೇಳಲು ಅಲ್ಲಿನ ನೆಲವನ್ನು ತಿಳಿಯಬೇಕು. 'ಓಡಬೇಡ' ಎನ್ನಲು ಏನನ್ನೂ ತಿಳಿಯಬೇಕಾಗಿಲ್ಲ.

ವೈದ್ಯಶಾಸ್ತ್ರವೂ ಒಂದು ಕಾಲದಲ್ಲಿ ಅಮ್ಮಿಯಂತೆಯೇ ಮಾತಾಡಿತ್ತೆಂಬುದನ್ನು ಮರೆಯಬಾರದು. ಬಸುರಿಯ ನಾಡಿಬಡಿತ ನಿಮಿಷಕ್ಕೆ 140 ದಾಟಬಾರದು, ಬಿರುಸಿನ ವ್ಯಾಯಾಮ 15 ನಿಮಿಷ ಮೀರಬಾರದು ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 1985ರಲ್ಲಿ ಹೇಳಿತು. 1994ರಲ್ಲಿ ಆ ಮಿತಿಗಳನ್ನು ತಾನೇ ಕೈಬಿಟ್ಟಿತು. ತೊಡಕಿಲ್ಲದ ಬಸುರಿಯರು ವಾರಕ್ಕೆ 150 ನಿಮಿಷವಾದರೂ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಲಿ, ಮೊದಲಿನಿಂದ ಬಿರುಸಿನ ಅಭ್ಯಾಸವಿದ್ದವರು ಅದನ್ನು ಮುಂದುವರಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮ ಉಪಖಂಡದ ಹೆಂಗಸರಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚೆಂಬುದನ್ನು ನೆನೆದರೆ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ರಕ್ತಸ್ರಾವವಿದ್ದರೆ, ಮಾಸು ಕೆಳಗಿದ್ದರೆ, ರಕ್ತದೊತ್ತಡ ಏರಿದ್ದರೆ ಓಟ ಕೂಡದು. ಅದನ್ನೂ ವೈದ್ಯರೇ ಹೇಳುತ್ತಾರೆ.

ಇಷ್ಟಾದರೂ ಪ್ರಶ್ನೆ ಮುಗಿಯುವುದಿಲ್ಲ. 'ನನ್ನ ದೇಹ, ನನ್ನ ಇಷ್ಟ' ಎಂದು ಒಂದೇ ಏಟಿಗೆ ಮುಗಿಸುವವರ ಜೊತೆಗೂ ನಮಗೆ ಪೂರ್ತಿ ಸಮ್ಮತಿಯಿಲ್ಲ. ಒಳಗೆ ಇನ್ನೊಂದು ಜೀವವಿದೆ, ಅದಕ್ಕೆ ಬಾಯಿಯಿಲ್ಲ. ಹಿರಿಯರು ಅದನ್ನು ಅಮಾನತ್ ಎನ್ನುತ್ತಾರೆ. ಒಳ್ಳೆಯ ಮಾತು. ಆದರೆ ಅಮಾನತ್ತಿನ ನಿಯಮವೇನು? ವಸ್ತುವನ್ನು ಯಾರ ಕೈಗೆ ಒಪ್ಪಿಸಿದೆಯೋ ಅವರೇ ಅಮೀನ್, ಕಾಪಾಡುವ ಹೊಣೆ ಅವರದು, ನಂಬಿಕೆಯೂ ಅವರ ಮೇಲೆಯೇ. ಬೀದಿಯಲ್ಲಿ ಹೋಗುವವರೆಲ್ಲ ಅಮೀನರಲ್ಲ. ಕನ್ನಡ ಪತ್ರಿಕೆಗಳಲ್ಲಿ ಇದೇ ಪದಕ್ಕೆ ಬೇರೆ ಅರ್ಥವಿದೆ: ನೌಕರನನ್ನು ಅಮಾನತು ಮಾಡಿದರೆ ಅವನ ಕೈಯಿಂದ ಅಧಿಕಾರ ಹೋಗುತ್ತದೆ. ಬಸುರಿಯ ವಿಷಯದಲ್ಲಿ ನಾವು ಉರ್ದುವಿನ ಅರ್ಥವನ್ನು ಬಾಯಲ್ಲಿ ಹೇಳುತ್ತ ಕನ್ನಡದ ಅರ್ಥವನ್ನು ಜಾರಿಗೆ ತರುತ್ತೇವೆ. ಒಂಬತ್ತು ತಿಂಗಳು ಅವಳು ಅಮಾನತಿನಲ್ಲಿ.

ಇದಕ್ಕೆ ಹೋಲಿಸಿದರೆ ರಮಝಾನಿನ ಉಪವಾಸದ ವಿಷಯದಲ್ಲಿ ಉಲಮಾಗಳು ತೋರಿದ ಔದಾರ್ಯ ದೊಡ್ಡದು. ತನಗೋ ಮಗುವಿಗೋ ಹಾನಿಯಾದೀತೆಂದು ಬಸುರಿ ಹೆದರಿದರೆ ಉಪವಾಸ ಬಿಡಬಹುದು. ಆ ಹೆದರಿಕೆಗೆ ಅವಳ ಸ್ವಂತ ಅನುಭವವೋ ವೈದ್ಯರ ಮಾತೋ ಆಧಾರ ಸಾಕು. ಫರ್ಝ್ ಆದ ಇಬಾದತ್ತಿನಲ್ಲೇ ಅವಳ ಅಂದಾಜಿಗೆ ಬೆಲೆಯಿರುವಾಗ ಬೆಳಗಿನ ಅರ್ಧ ಗಂಟೆಯ ಓಟದಲ್ಲಿ ಏಕಿರಬಾರದು? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿಪ್ಟಿನ ನಾದಾ ಹಾಫಿಝ್ ಏಳು ತಿಂಗಳ ಬಸುರಿಯಾಗಿ ಕತ್ತಿವರಸೆಗೆ ಇಳಿದು ಮೊದಲ ಪಂದ್ಯ ಗೆದ್ದಳು, ಎರಡನೆಯದರಲ್ಲಿ ಸೋತಳು. ಆಕೆ ಸ್ವತಃ ವೈದ್ಯೆ. ಆದರೂ ಅವಳ ಹೊಟ್ಟೆಯ ಬಗ್ಗೆ ಅವಳಿಗಿಂತ ಹೆಚ್ಚು ಬಲ್ಲವರು ಜಗತ್ತಿನ ತುಂಬ ಹುಟ್ಟಿಕೊಂಡರು.

ಇನ್ನು ನಮ್ಮನ್ನು ನಿಜವಾಗಿ ಕಾಡಿದ ಮಾತು. ಬಸುರಿ ದಣಿಯಬಾರದೆಂಬುದೇ ನಮ್ಮ ಕಳಕಳಿಯಾಗಿದ್ದರೆ ಅದು ಬಳ್ಳಾರಿಯ ಸುತ್ತಮುತ್ತಲೇ ಮೊದಲು ಕಾಣಬೇಕಿತ್ತು. ಹತ್ತಿ ಹೊಲದಲ್ಲಿ ದಿನವಿಡೀ ಬಗ್ಗುವವರಲ್ಲಿ ಬಸುರಿಯರಿದ್ದಾರೆ. ಗಾರೆ ಕೆಲಸದಲ್ಲಿ ಸಿಮೆಂಟಿನ ಬಾಣಲಿ ಹೊತ್ತು ಏಣಿ ಹತ್ತುವವರಲ್ಲಿದ್ದಾರೆ. ಅಷ್ಟು ದೂರವೇಕೆ, ನಮ್ಮದೇ ಮನೆಗಳಲ್ಲಿ ಏಳನೇ ತಿಂಗಳ ಸೊಸೆ ಎರಡು ಕೊಡ ನೀರು ತಂದರೆ ಯಾರೂ 'ತೌಬಾ' ಎನ್ನುವುದಿಲ್ಲ. ಈದ್ ದಿನ ಮೂವತ್ತು ಜನರಿಗೆ ಬಿರಿಯಾನಿ ಬೇಯಿಸಿ, ಬೆನ್ನು ಹಿಡಿದು ನಿಂತ ಬಸುರಿಯನ್ನು 'ಗಟ್ಟಿಗಿತ್ತಿ' ಎಂದು ಹೊಗಳುತ್ತೇವೆ. ಆಗ ಮಗು ಕದಲುವುದಿಲ್ಲ. ಒಲೆಯ ಕಾವು ಹೊಟ್ಟೆಗೆ ತಟ್ಟುವುದಿಲ್ಲ. ಕೊಡ ಮನೆಗಾಗಿ, ಬಾಣಲಿ ಕೂಲಿಗಾಗಿ, ಬಿರಿಯಾನಿ ನೆಂಟರಿಗಾಗಿ. ಓಟದಿಂದ ಮಾತ್ರ ಬೇರೆ ಯಾರಿಗೂ ಏನೂ ಸಿಗುವುದಿಲ್ಲ, ಅವಳಿಗಷ್ಟೇ ಸಿಗುತ್ತದೆ. ಅವಳು ದಣಿಯುತ್ತಾಳೆಂಬುದಕ್ಕಿಂತ ತನಗಾಗಿ ದಣಿಯುತ್ತಾಳೆಂಬುದೇ ನಮಗೆ ಸಹಿಸದಾಗಿರಬಹುದೇ?

ಅಮ್ಮಿಯನ್ನು ಇದೇ ಮಾತು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದರು. ಇದೇ ಮಗಳು ಹೊಟ್ಟೆಯಲ್ಲಿದ್ದಾಗ ತಾವು ಬೋರ್‌ವೆಲ್‌ನಿಂದ ದಿನಕ್ಕೆ ಎಂಟು ಕೊಡ ನೀರು ಹೊತ್ತದ್ದನ್ನು ಆಮೇಲೆ ಹೇಳಿದರು. ಹೊತ್ತದ್ದು ಹೆರಿಗೆಯ ಹಿಂದಿನ ದಿನದವರೆಗೆ. ಬೇಡವೆಂದವರು ಒಬ್ಬರೂ ಇರಲಿಲ್ಲವಂತೆ.