ಉತ್ತರ ಬಾರದ ಮಾತು

ಐಸಿಯು ಒಳಗೆ ಸ್ವಲ್ಪ ಹೊತ್ತು ನಿಂತವರು ಇದನ್ನು ಕಂಡಿರುತ್ತಾರೆ. ಅಲ್ಲಿ ನರ್ಸುಗಳು ಪ್ರಜ್ಞೆಯಿಲ್ಲದವರ ಜೊತೆ ಮಾತನಾಡುತ್ತಾರೆ. ಬಾಯಲ್ಲಿ ಕೊಳವೆ, ಕತ್ತಿನಲ್ಲಿ ಸೂಜಿ, ಎದೆಯ ಮೇಲೆಲ್ಲ ತಂತಿ. ರೆಪ್ಪೆಯೂ ಅಲುಗದ ಮುದುಕಿಯ ಕಿವಿಯ ಹತ್ತಿರ ಬಗ್ಗಿ, 'ಅಜ್ಜೀ, ಈಗ ಕಫ ತೆಗೀತೀನಿ, ಕೆಮ್ಮು ಬರುತ್ತೆ, ಹೆದರ್ಬೇಡಿ' ಎನ್ನುತ್ತಾರೆ. ಕೆಲಸವಾದ ಮೇಲೆ 'ಆಯ್ತು ಅಜ್ಜೀ, ಮುಗೀತು' ಎಂದು ಹೇಳುವುದನ್ನೂ ಮರೆಯುವುದಿಲ್ಲ. ಹೇಳುವ ಸಿಸ್ಟರ್ ಕೇರಳದವರೋ ಮಣಿಪುರದವರೋ ಇರಬಹುದು. ಅವರ ಕನ್ನಡ ಇಲ್ಲಿಗೆ ಬಂದ ಮೇಲೆ ಹಾಸಿಗೆಯಿಂದ ಹಾಸಿಗೆಗೆ ಓಡಾಡುತ್ತ ಕಲಿತದ್ದು.

ಉತ್ತರ ಬಾರದೆಂದು ಗೊತ್ತಿದ್ದೂ ಆಡುವ ಈ ಮಾತು ನನಗೆ ಎಂದೂ ಮುಗಿಯದ ಬೆರಗು. ತೊಟ್ಟಿಲ ಕೂಸಿನೊಡನೆ ತಾಯಿಯೂ ಹೀಗೇ ಮಾತಾಡುತ್ತಾಳೆ, ನಿಜ. ಆದರೆ ಆ ಕೂಸು ಅವಳದು, ನಾಳೆ ಅದು ತೊದಲುತ್ತದೆ ಎಂಬ ನಂಬಿಕೆಯೂ ಅವಳಿಗಿದೆ. ಇಲ್ಲಿ ಮಲಗಿರುವುದು ಯಾರದೋ ಮನೆಯ ಅಜ್ಜಿ. ನಾಳೆ ಕಣ್ಣು ಬಿಟ್ಟರೂ ಈ ಸಿಸ್ಟರ್ ಯಾರೆಂದು ಆಕೆಗೆ ನೆನಪಿರುವುದಿಲ್ಲ.

ಐಸಿಯು ಎಂದರೆ ಯಂತ್ರಗಳ ಕೋಣೆ ಎಂದುಕೊಂಡಿದ್ದೇವೆ. ಅದು ಹುಟ್ಟಿದ್ದು ಕೈಯಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಪೋಲಿಯೊ ಬಡಿಯಿತು. ಉಸಿರಾಟದ ಸ್ನಾಯುಗಳು ಸೋತ ಮಕ್ಕಳು ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ಆಗಸ್ಟ್ ತಿಂಗಳಲ್ಲಿ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ, ಕೊಳವೆ ಇರಿಸಿ, ರಬ್ಬರ್ ಚೀಲ ಒತ್ತಿ ಒತ್ತಿ ಗಾಳಿ ಕೊಟ್ಟರು. ಹುಡುಗಿ ಬದುಕಿದಳು. ಉಳಿದವರಿಗೆ ಸಾಕಾಗುವಷ್ಟು ಯಂತ್ರಗಳು ಇರಲಿಲ್ಲ. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಗಲಿರುಳು ಚೀಲ ಒತ್ತಿದರು. ಒಬ್ಬರ ಕೈ ಇನ್ನೊಬ್ಬರ ಎದೆಗೆ ಉಸಿರು ತುಂಬಿತು. ಮರುವರ್ಷದ ಡಿಸೆಂಬರ್‌ನಲ್ಲಿ ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ಘಟಕ ತೆರೆದರು. ಇಂದಿನ ಐಸಿಯುಗಳ ಮೂಲ ಅಲ್ಲಿದೆ.

ಕ್ರಮೇಣ ಒತ್ತುವ ಕೆಲಸವನ್ನು ವೆಂಟಿಲೇಟರ್ ವಹಿಸಿಕೊಂಡಿತು. ಮಿಕ್ಕದ್ದು ಕೈಗೇ ಉಳಿಯಿತು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು. ನಿದ್ರೆಯ ಔಷಧದಲ್ಲಿರುವವರ ರೆಪ್ಪೆ ಎಷ್ಟೋ ಸಲ ಪೂರ್ತಿ ಕೂಡುವುದಿಲ್ಲ. ಕಣ್ಣುಗುಡ್ಡೆ ಒಣಗದಂತೆ ಮುಲಾಮು ಹಚ್ಚಿ ಮುಚ್ಚಬೇಕು. ಬಾಯಿ ಒರೆಸಬೇಕು, ಒಡೆದ ತುಟಿಗೆ ಪಸೆ ಸವರಬೇಕು. ಎಲ್ಲವನ್ನೂ ಗಂಟೆ ಗಂಟೆಗೆ ಚಾರ್ಟಿನಲ್ಲಿ ಬರೆಯಬೇಕು. 'ಅಜ್ಜೀ' ಎಂದು ಕರೆದದ್ದಕ್ಕೆ ಮಾತ್ರ ಆ ಚಾರ್ಟಿನಲ್ಲಿ ಕಾಲಂ ಇಲ್ಲ.

ಆ ಕರೆ ಒಳಗೆ ಮುಟ್ಟುತ್ತದೆಯೇ? ವಿಜ್ಞಾನ ಈ ಪ್ರಶ್ನೆಯ ಬಾಗಿಲಿಗೆ ತಡವಾಗಿ ಬಂದಿತು. 2006ರಲ್ಲಿ ಬ್ರಿಟನ್ನಿನಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು, ಅಪಘಾತದ ಬಳಿಕ ಯಾವುದಕ್ಕೂ ಸ್ಪಂದಿಸದೆ ಮಲಗಿದ್ದ ಯುವತಿಯನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, 'ಟೆನಿಸ್ ಆಡುತ್ತಿದ್ದೀಯೆಂದು ಕಲ್ಪಿಸಿಕೋ' ಎಂದರು. ಎಚ್ಚರವಿರುವ ಆರೋಗ್ಯವಂತರಿಗೆ ಹಾಗೆಂದಾಗ ಮೆದುಳಿನ ಯಾವ ಭಾಗ ಚುರುಕಾಗುತ್ತದೆಯೋ ಆಕೆಯಲ್ಲೂ ಅದೇ ಭಾಗ ಚುರುಕಾಯಿತು. 2024ರಲ್ಲಿ ಹಲವು ದೇಶಗಳ ವೈದ್ಯರು ಕೂಡಿ ನಡೆಸಿದ ಅಧ್ಯಯನವೊಂದು ಬಂತು. ಹೇಳಿದ್ದಕ್ಕೆ ಹೊರಗೆ ಏನೂ ತೋರದ 241 ಮಂದಿಯಲ್ಲಿ 60 ಮಂದಿಯ ಮೆದುಳು ಒಳಗೊಳಗೇ ಮಾತನ್ನು ಪಾಲಿಸುತ್ತಿತ್ತು. ಅಂದರೆ ನಾಲ್ವರಲ್ಲಿ ಒಬ್ಬರು. ಓದಿ ಬೆಚ್ಚಿದೆ. ಆ ಒಬ್ಬರ ಹಾಸಿಗೆಯ ಪಕ್ಕ ನಿಂತು ಯಾರು ಯಾರು ಏನೇನು ಆಡಿರಬಹುದು? ಆಸ್ತಿಯ ಮಾತು, ಬಿಲ್ಲಿನ ಮಾತು, 'ಇನ್ನೇನೂ ಉಳಿದಿಲ್ಲ ಬಿಡಿ' ಎಂಬ ಮಾತು. ಅವೆಲ್ಲದರ ನಡುವೆ 'ಹೆದರ್ಬೇಡಿ' ಎಂಬ ಒಂದು ದನಿಯೂ ಇತ್ತಲ್ಲ!

ಐಸಿಯುವಿನಿಂದ ಬದುಕಿ ಬಂದವರ ನೆನಪು ಹರಿದುಹೋಗಿರುತ್ತದೆ. ಕಳೆದುಹೋದ ದಿನಗಳ ಜಾಗದಲ್ಲಿ ಭ್ರಮೆಗಳು ಬಂದು ಕೂತಿರುತ್ತವೆ. ಯಾರೋ ಕಟ್ಟಿಹಾಕಿದರು, ವಿಷ ಹಾಕಿದರು, ಕೊಲ್ಲಲು ಬಂದರು ಎಂದು ಕೆಲವರಿಗೆ ಖಚಿತವಾಗಿ ಅನ್ನಿಸಿರುತ್ತದೆ. ಆರೈಕೆ ಮಾಡಿದ ನರ್ಸೇ ಆ ಭ್ರಮೆಯಲ್ಲಿ ಕೊಲೆಗಾರ್ತಿ. ಉತ್ತರ ಯುರೋಪಿನ ನರ್ಸುಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡರು. ರೋಗಿಯ ಪರವಾಗಿ ತಾವೇ ದಿನಚರಿ ಬರೆದಿಡತೊಡಗಿದರು. ಇವತ್ತು ಜ್ವರ ಇಳಿಯಿತು, ನಿಮ್ಮ ಮಗಳು ಬಂದಿದ್ದಳು, ಹೊರಗೆ ಹಿಮ ಬೀಳುತ್ತಿದೆ, ಈ ಬಗೆಯ ಸಣ್ಣ ಸಂಗತಿಗಳು. ಮನೆಯವರೂ ಅದರಲ್ಲಿ ಬರೆಯುತ್ತಾರೆ. ಗುಣವಾದವರ ಕೈಗೆ ಆ ಪುಸ್ತಕ ಹೋಗುತ್ತದೆ. 2010ರಲ್ಲಿ ಯುರೋಪಿನ 12 ಆಸ್ಪತ್ರೆಗಳ ಅಧ್ಯಯನದಲ್ಲಿ, ದಿನಚರಿ ಓದಿದವರಲ್ಲಿ ಆಘಾತೋತ್ತರ ಮನೋವ್ಯಾಧಿ ಸುಮಾರು ಶೇ. 5ರಷ್ಟು ಮಂದಿಗೆ ಹೊಸದಾಗಿ ಬಂದರೆ, ಉಳಿದವರಲ್ಲಿ ಅದು ಶೇ. 13ರಷ್ಟಿತ್ತು. 2019ರಲ್ಲಿ ಫ್ರಾನ್ಸಿನ ದೊಡ್ಡ ಅಧ್ಯಯನವೊಂದರಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ತಕ್ಕಡಿ ಒಮ್ಮೆ ಹೌದೆಂದಿತು, ಒಮ್ಮೆ ಅಲ್ಲವೆಂದಿತು. ದಿನಚರಿ ಬರೆಯುವುದು ನಿಲ್ಲಲಿಲ್ಲ. ಕರುಣೆಗೆ ಪುರಾವೆ ಸಿಕ್ಕರೆ ಸಂತೋಷ. ಸಿಗುವವರೆಗೆ ಕಾಯುತ್ತ ಕೂರುವುದು ಅದರ ಸ್ವಭಾವವಲ್ಲ.

ಬಾಗಿಲಿನ ಹೊರಗಡೆ ಇನ್ನೊಂದು ಲೋಕವಿದೆ. ಚಾಪೆ, ಫ್ಲಾಸ್ಕು, ಔಷಧ ಚೀಟಿ, ಚಾರ್ಜರ್. 'ಬೆಡ್ ನಂಬರ್ ಆರರ ಕಡೆಯವರು ಯಾರು?' ಎಂಬ ಕೂಗಿಗೆ ಆರನೆಯವರಷ್ಟೇ ಅಲ್ಲ, ಎಲ್ಲರ ಎದೆಯೂ ಧಸಕ್ಕೆನ್ನುತ್ತದೆ. ಡಾಕ್ಟರು ಹೇಳಿದ ಅಂಕಿಸಂಖ್ಯೆಗಳಲ್ಲಿ ಅರ್ಧ ತಲೆಗೆ ಹೋಗಿರುವುದಿಲ್ಲ. ಆಗ ಹಿಂದಿನಿಂದ ಬಂದ ಸಿಸ್ಟರೋ ಬ್ರದರೋ, 'ಬನ್ನಿ, ಕೈ ಹಿಡ್ಕೊಂಡು ಮಾತಾಡಿ, ಏನೂ ಆಗಲ್ಲ' ಎಂದು ತಂತಿಗಳ ನಡುವೆ ಮುಟ್ಟಬಹುದಾದ ಒಂದು ಜಾಗ ತೋರಿಸಿಕೊಡುತ್ತಾರೆ. ದೇವಸ್ಥಾನದಿಂದ ತಂದ ಹೂವನ್ನೋ ದರ್ಗಾದ ತಾಯಿತವನ್ನೋ 'ಇದೆಲ್ಲ ಇಲ್ಲಿ ಬೇಡ' ಎಂದು ವಾಪಸ್ ಕೊಡದೆ, ಕವರಿನಲ್ಲಿ ಹಾಕಿ ಮಂಚದ ಸರಳಿಗೆ ಕಟ್ಟಿದವರೂ ಇದ್ದಾರೆ. ಸೋಂಕಿನ ನಿಯಮವೂ ಮುರಿಯಲಿಲ್ಲ, ಮನೆಯವರ ಮನಸ್ಸೂ ಮುರಿಯಲಿಲ್ಲ.

ಈ ಯೋಚನೆಯೆಲ್ಲ ನನ್ನನ್ನು ಕೊನೆಗೆ ಹೊನ್ನಾವರದ ಹಳದಿಪುರಕ್ಕೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು ಅರುಣಾ ಶಾನಭಾಗ. 1973ರ ನವೆಂಬರ್ 27ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ನಡೆಸಿದ ಪೈಶಾಚಿಕ ದಾಳಿಯಲ್ಲಿ ಅವರ ಮೆದುಳಿಗೆ ಆಮ್ಲಜನಕ ತಪ್ಪಿತು. ಅಲ್ಲಿಂದ 2015ರ ಮೇ 18ರವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನರ್ಸುಗಳು ಅವರಿಗೆ ಉಣಿಸಿದರು, ಮೀಯಿಸಿದರು, ಮಗ್ಗುಲು ಹೊರಳಿಸಿದರು. ಅಷ್ಟು ವರ್ಷ ಹಾಸಿಗೆ ಹಿಡಿದರೂ ಅವರ ಮೈಮೇಲೆ ಒಂದು ಹುಣ್ಣೂ ಆಗಿಲ್ಲವೆಂಬ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅರುಣಾ ನಕ್ಕದ್ದನ್ನು, ಓಡಾಡಿದ್ದನ್ನು ಕಂಡವರು ಒಬ್ಬೊಬ್ಬರಾಗಿ ನಿವೃತ್ತರಾದರು. ಆಮೇಲೆ ಬಂದವರು ದಾಳಿ ನಡೆದಾಗ ಹುಟ್ಟಿಯೇ ಇರದ ಹುಡುಗಿಯರು. ಅವರೂ ಆ ಕೆಲಸವನ್ನು ಮನೆಯ ಕೆಲಸದಂತೆ ಮುಂದುವರಿಸಿದರು.

ಅಷ್ಟು ಕಾಲ ಹಾಗೆ ಬದುಕಿಸಿದ್ದು ಸರಿಯೇ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತು. 2011ರ ಮಾರ್ಚ್ 7ರ ತೀರ್ಪು, ಅರುಣಾ ಬದುಕಿರಲಿ ಎಂಬ ನರ್ಸುಗಳ ಇಚ್ಛೆಯನ್ನು ಮನ್ನಿಸಿತು. ಅದೇ ತೀರ್ಪು, ಗುಣವಾಗುವ ಆಸೆಯಿಲ್ಲದವರ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಕಾನೂನಿನ ದಾರಿಯನ್ನೂ ತೆರೆಯಿತು. ಎರಡೂ ಕರುಣೆಯ ಮಾತುಗಳೇ. ಯಂತ್ರ ಇರಲಿ ಎಂದರೂ ನಿಲ್ಲಲಿ ಎಂದರೂ, ಆ ಹೊತ್ತಿಗೆ ಮುಖ ಒರೆಸಿ, ಕೂದಲು ಸರಿಮಾಡಿ, ಮನೆಯವರಿಗೆ ಹತ್ತಿರ ಜಾಗ ಮಾಡಿಕೊಡುವವರು ನರ್ಸೇ.

ಕೇಳಿಸುತ್ತಿದೆ ಎಂದು ಗೊತ್ತಾದ ಮೇಲೆ ಮಾತಾಡುವುದು ಯಾರಿಗೂ ಸಾಧ್ಯ. ಗೊತ್ತಾಗುವ ಮೊದಲೇ ಮಾತಾಡಿದ್ದು ದೊಡ್ಡದು. ಆದರೆ ಈ ದೊಡ್ಡತನಕ್ಕೂ ಬಿಡುವು ಬೇಕು. ವೆಂಟಿಲೇಟರಿನಲ್ಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಒಪ್ಪಿತ ಕ್ರಮ. ಒಬ್ಬರ ಕೈಗೆ ಮೂರು ಹಾಸಿಗೆ ಕೊಟ್ಟಲ್ಲಿ ಮೊದಲು ಸಾಯುವುದು ಮಾತು. ಅದನ್ನು ಉಳಿಸುವ ಹೊಣೆ ಆಸ್ಪತ್ರೆ ನಡೆಸುವವರದು. ನಮ್ಮ ಕೈಲಾಗುವುದೂ ಒಂದಿದೆ. ನಿಮ್ಮವರು ಯಾರಾದರೂ ಆ ಬಾಗಿಲ ಒಳಗೆ ಮಲಗಿದ್ದರೆ, ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ, ಯಾವ ಹಾಡು ಇಷ್ಟ, ಯಾವ ಕಿವಿ ಮಂದ ಎಂಬುದನ್ನು ಸಿಸ್ಟರ್‌ಗೆ ಹೇಳಿ. ಅವರ ಹೆಸರನ್ನೂ ಕೇಳಿ ತಿಳಿದುಕೊಳ್ಳಿ.